‘ಓಸಿಸ್’ ಬೇರೆ, ‘ಐಟಿಸ್’ ಬೇರೆ

ಮೊನ್ನೆ ಶಿರಸಿಯಲ್ಲಿ ಮದುವೆ ಊಟ. ಪಕ್ಕದ ಎಲೆಯವರು ಕೋಸಂಬರಿಯನ್ನು ಬದಿಗೆ ಸರಿಸಿ, "ನಂಗೆ ಡೈವರ್ಟಿಕ್ಯುಲೈಟಿಸ್, ಆರು ವರ್ಷದಿಂದ ಗಂಜಿಯೇ" ಎಂದರು. ಫೋನಿನಲ್ಲಿದ್ದ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ರಿಪೋರ್ಟನ್ನೂ ತೋರಿಸಿದರು. ಅದರಲ್ಲಿದ್ದದ್ದು ಡೈವರ್ಟಿಕ್ಯುಲೋಸಿಸ್. ನನ್ನ ರಿಪೋರ್ಟಿನಲ್ಲೂ ಅದೇ ಇದೆ. ಎರಡೂ ದೊಡ್ಡ ಕರುಳಿನ ಮಾತೇ, ಆದರೆ ಬೇರೆ ಬೇರೆ. ಒಂದನ್ನು ಇನ್ನೊಂದು ಅನ್ನುವ ಈ ತಪ್ಪು ಕೇಳಿ ಕೇಳಿ ಸಾಕಾಗಿದೆ.

ಮೂಲ ಪದ ಲ್ಯಾಟಿನ್ನಿನ ಡೈವರ್ಟಿಕ್ಯುಲಂ. ಪಕ್ಕಕ್ಕೆ ತಿರುಗುವ ದಾರಿ ಅಂತ ಅರ್ಥ. ದಾರಿಹೋಕರು ತಂಗುವ ಜಾಗಕ್ಕೂ ಅದೇ ಹೆಸರಿತ್ತು. ಕುಮಟಾ ರಸ್ತೆ ಕೆಲಸ ನಡೆದಾಗ ನಾವು ನೋಡಿ ಸುಸ್ತಾದ ‘ಡೈವರ್ಷನ್’ ಬೋರ್ಡ್ ಇದೆಯಲ್ಲ, ಅದೂ ಇದೇ ಬೇರಿನದು. ವ್ಯತ್ಯಾಸ ಇಷ್ಟೇ: ಡೈವರ್ಷನ್ ಸುತ್ತಿ ಬಳಸಿ ಮತ್ತೆ ಹೆದ್ದಾರಿಗೆ ತರುತ್ತದೆ. ಕರುಳಿನ ಕವಲು ಯಾರದೋ ತೋಟದ ಮನೆ ಅಂಗಳದಲ್ಲಿ ಮುಗಿಯುವ ದಾರಿಯ ಹಾಗೆ. ಹೋದದ್ದು ಅದೇ ದಾರಿಯಲ್ಲಿ ವಾಪಸ್ ಬರಬೇಕು. ದೊಡ್ಡ ಕರುಳಿನ ಗೋಡೆಯಲ್ಲಿ ರಕ್ತನಾಳ ತೂರುವ ಕಡೆ ಸ್ವಲ್ಪ ಸಡಿಲ. ಒಳಗಿನ ಒತ್ತಡಕ್ಕೆ ಅಲ್ಲಿ ಒಳಪದರ ಹೊರಗೆ ಉಬ್ಬಿ ಪುಟ್ಟ ಚೀಲವಾಗುತ್ತದೆ. ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರ್. ನಾನು ಅದಕ್ಕೆ ‘ಸಂಚಿ’ ಅನ್ನುತ್ತೇನೆ. ಕವಳದ ಸಂಚಿ ಗೊತ್ತಿರುವ ಊರಿನಲ್ಲಿ ಬೇರೆ ಪದ ಯಾಕೆ?

ಸಂಚಿ ಇರುವುದು ‘ಓಸಿಸ್’. ಸಂಚಿ ಉರಿಯೂತಗೊಂಡರೆ ‘ಐಟಿಸ್’. ಸಂಚಿ ಇರುವ ಬಹುತೇಕರಿಗೆ ಐಟಿಸ್ ಬರುವುದೇ ಇಲ್ಲ. ಉರಿಯೂತ ಇಲ್ಲದೆಯೂ ನೋವು, ಹೊಟ್ಟೆ ಉಬ್ಬರ ಕಾಡಿದರೆ ಅದನ್ನು ‘ಡೈವರ್ಟಿಕ್ಯುಲರ್ ರೋಗ’ ಅನ್ನುತ್ತಾರೆ.

ಹೆಸರಿನಲ್ಲೇನಿದೆ ಅನ್ನಬೇಡಿ. ಎರಡರ ಊಟ ತದ್ವಿರುದ್ಧ! ಐಟಿಸ್ ಕೆರಳಿದ ದಿನಗಳಲ್ಲಿ ಗಂಜಿ ತಿಳಿಯಂಥ ಹಗುರ ಆಹಾರ ಸರಿ. ಓಸಿಸ್‌ಗೆ ಬೇಕಾದದ್ದು ನಾರು: ಕುಚ್ಚಲಕ್ಕಿ ಅನ್ನ, ಬಸಳೆ, ಹೆಸರುಕಾಳು, ಜೊತೆಗೆ ನೀರು. ಆರು ವರ್ಷ ತೆಳು ಗಂಜಿ ಕುಡಿದವರಿಗೆ ಮಲಬದ್ಧತೆ ಬರದೇ ಇನ್ನೇನು? ಎರಡಕ್ಷರ ತಪ್ಪು ಓದಿದ್ದಕ್ಕೆ ಕೋಸಂಬರಿಯೂ ಹೋಯಿತು.

ಬೀಜದ ಹೆದರಿಕೆ ಇನ್ನೊಂದು. ಎಳ್ಳು, ಪೇರಲೆ, ಮೊಗೆಕಾಯಿ ಬೀಜ ಸಂಚಿಯಲ್ಲಿ ಸಿಕ್ಕಿಕೊಳ್ಳುತ್ತದಂತೆ. ಹಿಂದೆ ಡಾಕ್ಟರೇ ಹಾಗೆ ಹೇಳುತ್ತಿದ್ದರು, ನಿಜ. ಆದರೆ ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 18 ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಬಂತು. ಶೇಂಗಾ, ಬಾದಾಮಿಯಂಥವು, ಮೆಕ್ಕೆಜೋಳ, ಪಾಪ್‌ಕಾರ್ನ್ ತಿಂದವರಿಗೆ ಐಟಿಸ್ ಜಾಸ್ತಿ ಆಗಿರಲಿಲ್ಲ. ಎಳ್ಳುಂಡೆಯನ್ನು ಸುಮ್ನೆ ದೂರ ಇಡಬೇಡಿ.

ಬಿಡದ ಹೊಟ್ಟೆನೋವಿನ ಜೊತೆ ಜ್ವರ ಬಂದರೆ, ಮಲದಲ್ಲಿ ರಕ್ತ ಹೋದರೆ ಮಾತ್ರ ಪದ ಹುಡುಕುತ್ತಾ ಕೂರಬೇಡಿ. ಘಟ್ಟ ಇಳಿದೋ ಹತ್ತಿಯೋ ಆಸ್ಪತ್ರೆ ಸೇರಿ.

ಅಂದಹಾಗೆ ಏಷ್ಯಾದವರಲ್ಲಿ ಸಂಚಿ ಬಲಗಡೆ ಇರುವುದು ಹೆಚ್ಚು. ಅಲ್ಲಿ ಕೆರಳಿದರೆ ಮನೆಮಂದಿಯೆಲ್ಲ "ಅಪೆಂಡಿಕ್ಸ್ ಆಗಿದೆ" ಅನ್ನುತ್ತಾರೆ. ಅಪೆಂಡಿಕ್ಸ್ ಆಗುವುದಿಲ್ಲ, ಹುಟ್ಟಿನಿಂದಲೇ ಇರುತ್ತದೆ. ಆ ಜಗಳ ಇನ್ನೊಂದು ದಿನ.