ಸಕ್ಯುಲೆಂಟ್‌ಗೆ ನೀರು ಯಾವಾಗ ನಿಲ್ಲಿಸಬೇಕು?

ಕೋಲಾರದ ಕಡೆ ಮನೆ ಬಾಗಿಲ ಮೇಲೆ ದೃಷ್ಟಿಗೆಂದು ಲೋಳೆಸರವನ್ನು ಬೇರು ಮೇಲಾಗಿ ತೂಗುಹಾಕುತ್ತಾರೆ. ಲೋಳೆಸರ ಒಂದು ಸಕ್ಯುಲೆಂಟ್, ಅಂದರೆ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ತೂಗುಹಾಕಿದಾಗ ಮಣ್ಣಿಲ್ಲ, ನೀರು ಹಾಕುವವರಿಲ್ಲ. ಆದರೂ ಅದು ಎಲೆಯ ತುದಿಗಳನ್ನು ಮೇಲಕ್ಕೆ ಬಾಗಿಸಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ಒಮ್ಮೊಮ್ಮೆ ಹೂವನ್ನೂ ಬಿಡುತ್ತದೆ. ಅದೇ ಮನೆಯ ತಾರಸಿಯ ಕುಂಡದಲ್ಲಿ ದಿನಾ ನೀರು ಕುಡಿದ ಲೋಳೆಸರ ಬುಡದಿಂದ ಕೊಳೆತಿರುತ್ತದೆ. ನನ್ನ ನರ್ಸರಿಗೆ ಮರಳಿ ಬಂದು, ‘ಬಿಸಿಲಿಗೆ ಗಿಡ ಹೋಯಿತು’ ಎನ್ನುವವರನ್ನು ನಾನು ಮೊದಲು ಕೇಳುವುದು, ಎಷ್ಟು ದಿನಕ್ಕೊಮ್ಮೆ ನೀರು ಹಾಕಿದಿರಿ ಎಂದು.

ಹೆಚ್ಚಿನ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಸಣ್ಣ ತೂತುಗಳನ್ನು, ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಆ ದಾರಿಯಲ್ಲೇ ನೀರು ಆವಿಯಾಗಿ ಹೋಗುತ್ತದೆ. ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿಗಳು ಈ ಕೆಲಸವನ್ನು ರಾತ್ರಿಯ ತಂಪಿಗೆ ಇಟ್ಟುಕೊಂಡಿವೆ. ರಾತ್ರಿ ಎಳೆದುಕೊಂಡದ್ದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡಿಕೊಳ್ಳುತ್ತವೆ. ಹೀಗೆ ಉಳಿಸಿದ ನೀರು ಎಲೆಯಲ್ಲೇ ಇರುವಾಗ ಬುಡವನ್ನು ಸದಾ ಒದ್ದೆಯಾಗಿಟ್ಟರೆ ಬೇರಿಗೆ ಗಾಳಿ ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಗಿಡಗಳಿಗೆ ಕಷ್ಟದ ಕಾಲ ಏಪ್ರಿಲ್ ಅಲ್ಲ, ಸೆಪ್ಟೆಂಬರ್, ಅಕ್ಟೋಬರ್. ಮಳೆ ಹೆಚ್ಚು ಬೀಳುವುದು ಆಗಲೇ. ಒಂದು ಅಕ್ಟೋಬರ್‌ನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಒಂಬತ್ತು ವರ್ಷದ ಅಡೇನಿಯಂ ಹೊತ್ತು ತಂದರು. ದಪ್ಪ ಬುಡದಲ್ಲಿ ನೀರು ಕೂಡಿಡುವ ಹೂಗಿಡ ಅದು. ಮೇಲೆ ಎರಡು ಹೂವಿದ್ದವು. ಗಡ್ಡೆಯಂಥ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಮಾಗಿದ ಸಪೋಟದಂತೆ ಒಳಗಿಳಿಯಿತು. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಹೋಳು ಹೋಳಾಗಿ ತೆಗೆಯುತ್ತಾ ಹೋದೆ. ಮೊದಲು ಕಂದು ರಾಡಿ, ಆಮೇಲೆ ಹಳದಿ ವರ್ತುಲ, ಕೊನೆಗೆ ಬಿಳಿ ತಿರುಳು. ಒಂದೇ ಒಂದು ಕಂದು ಚುಕ್ಕೆ ಉಳಿದರೂ ಕೊಳೆತ ಮತ್ತೆ ಏರುತ್ತದೆ. ಮರುಕಪಟ್ಟು ಅಲ್ಲಿಗೇ ನಿಲ್ಲಿಸಬಾರದು. ಮೇಷ್ಟ್ರು ನೋಡಲಾರದೆ ಹೊರಗೆ ಹೋಗಿ ನಿಂತರು. ಗಡ್ಡೆಯ ಅರ್ಧದಷ್ಟು ಹೋಯಿತು. ಕೊಯ್ದ ಭಾಗ ಚರ್ಮದಂತೆ ಒಣಗುವವರೆಗೆ ಹತ್ತು ದಿನ ನೆರಳಿನಲ್ಲಿ ತೂಗುಹಾಕಿ, ನಂತರ ಒಣ ಮರಳಿನ ಮೇಲೆ ಕೂರಿಸಿದೆವು. ಬದುಕಿತು. ಅಡೇನಿಯಂ ಹಾಲು ವಿಷ. ಕೊಯ್ದ ಮೇಲೆ ಕೈ ತೊಳೆಯದೆ ಕಣ್ಣು, ಬಾಯಿ ಮುಟ್ಟಬೇಡಿ.

ಅವರ ಕುಂಡದಲ್ಲಿದ್ದದ್ದು ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ, ಕೆಳಗೆ ನೀರು ತುಂಬಿದ ತಟ್ಟೆ. ನಾನು ಬಳಸುವುದು ಒಂದು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಒಂದೆರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ಧೂಳು ತೆಗೆಯಿರಿ. ಆ ಧೂಳು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬೆರಳು ಎರಡು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ಧಾರಾಳವಾಗಿ ನೀರು ಹಾಕಿ, ತಳದಿಂದ ಹರಿದುಹೋಗಲು ಬಿಡಿ. ಮಳೆ ಹಿಡಿಯುವ ಮುನ್ನ ಆಗಸ್ಟ್‌ನಲ್ಲೇ ಕುಂಡಗಳನ್ನು ಸೂರಿನಡಿಗೆ ಸರಿಸಿ. ಇಲ್ಲಿನ ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿಸುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನೇ ಕೊಡಿ. ಎಲೆಸಂದಿಯಲ್ಲಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ, ಸ್ಪಿರಿಟ್ ಅದ್ದಿದ ಬ್ರಷ್‌ನಿಂದ ಒರೆಸಿದರೆ ಸಾಕು.

ಎಲ್ಲ ಸಕ್ಯುಲೆಂಟ್‌ಗಳೂ ಸುಡುಬಿಸಿಲಿನ ಮಕ್ಕಳಲ್ಲ. ಗುಲಾಬಿಯಾಕಾರದ ಎಚೆವೇರಿಯಾಗಳ ತವರು ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಪ್ರದೇಶಗಳು. ನಮ್ಮ ಮೇ ತಿಂಗಳ ಕಾದ ಕಾಂಕ್ರೀಟಿನ ಮೇಲೆ ಅವು ಬೆಂದುಹೋಗುತ್ತವೆ. ಶೇಡ್ ನೆಟ್ ಬೇಕೇ ಬೇಕು. ಮೊದಲ ಗಿಡವಾಗಿ ಅವನ್ನು ಮಾರಲು ನನಗೆ ಮನಸ್ಸಾಗುವುದಿಲ್ಲ. ಲೋಳೆಸರ, ಅಡೇನಿಯಂ, ಕತ್ತಾಳೆ ಕೊಳ್ಳಿ. ಅವನ್ನೂ ನರ್ಸರಿಯ ನೆರಳಿನಿಂದ ನೇರ ತಾರಸಿಗೆ ಒಯ್ಯದೆ ಎರಡು ವಾರ ಬೆಳಗಿನ ಬಿಸಿಲಿನಲ್ಲಿ ಇಟ್ಟು ಪಳಗಿಸಿ.

ಹೊಲದ ಬದುವಿನ ಕತ್ತಾಳೆ ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು, ಒಂದು ದಿನ ಮನೆಗಿಂತ ಎತ್ತರಕ್ಕೆ ಹೂದಂಡು ಎಬ್ಬಿಸಿ ಒಣಗುತ್ತದೆ. ಆಗ ಗಾಬರಿಯಿಂದ ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಅದು ರೋಗವಲ್ಲ. ಬುಡದ ಸುತ್ತ ಕೆದಕಿ ನೋಡಿ, ಅಂಗೈಯಷ್ಟು ಮರಿಗಳು ಸಿಗುತ್ತವೆ. ಬೇರು ಸಮೇತ ಬಿಡಿಸಿ, ಗಾಯ ಒಣಗಲು ನಾಲ್ಕು ದಿನ ಬಿಟ್ಟು ನೆಡಿ.