ಫ್ರಕ್ಟೋಸ್ ಆಗದವರು ಬೇಕರಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಫ್ರಕ್ಟೋಸ್ ಎಂದರೆ ಹಣ್ಣು, ಜೇನಿನಲ್ಲಿರುವ ಸಿಹಿ; ಅಡುಗೆ ಸಕ್ಕರೆಯ ಅರ್ಧ ಭಾಗವೂ ಅದೇ. ಅದು ಆಗುವುದಿಲ್ಲ ಎನ್ನುವವರಲ್ಲಿ ಎರಡು ಬಗೆ. ಕೆಲವರಿಗೆ ಹುಟ್ಟಿನಿಂದಲೇ ಲಿವರ್‌ನಲ್ಲಿ ಫ್ರಕ್ಟೋಸನ್ನು ಒಡೆಯುವ ಆಲ್ಡೊಲೇಸ್ ಬಿ ಕಿಣ್ವದ ಕೊರತೆ ಇರುತ್ತದೆ. ಇವರಿಗೆ ಫ್ರಕ್ಟೋಸ್, ಸಕ್ಕರೆ, ಬೆಲ್ಲ, ಜೇನು, ಸಾರ್ಬಿಟಾಲ್ (ಸಕ್ಕರೆಯ ಬದಲು ಹಾಕುವ ಒಂದು ಸಿಹಿಕಾರಕ) ಯಾವುದೂ ಆಗದು. ತಿಂದರೆ ರಕ್ತದ ಗ್ಲೂಕೋಸ್ ಕುಸಿಯುತ್ತದೆ, ಲಿವರ್ ಕೆಡುತ್ತದೆ. ಇನ್ನು ಕೆಲವರಿಗೆ ಕರುಳು ಫ್ರಕ್ಟೋಸನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೊಟ್ಟೆಯುಬ್ಬರ, ಭೇದಿ ಕಾಡುತ್ತದೆ, ಜೀವಕ್ಕೆ ಅಪಾಯವಿಲ್ಲ. ನಿಮ್ಮದು ಯಾವುದೆಂದು ವೈದ್ಯರಿಂದ ಖಚಿತವಾಗುವವರೆಗೆ ಮನೆಯಲ್ಲಿ 'ಸ್ವಲ್ಪ ತಿಂದು ನೋಡೋಣ' ಅನ್ನುವ ಪ್ರಯೋಗ ಬೇಡವೇ ಬೇಡ.

ತುಮಕೂರಿನ ಬೇಕರಿಗಳಲ್ಲಿ ದಿಲ್‌ಪಸಂದ್, ಹನಿಕೇಕ್ ಬಿಡಬೇಕೆಂದು ಎಲ್ಲರಿಗೂ ಹೊಳೆಯುತ್ತದೆ. ಮೋಸಹೋಗುವುದು ಖಾರದ ತಿಂಡಿಯಲ್ಲಿ. ಖಾರ ಬಿಸ್ಕತ್ತಿಗೂ ರುಚಿ ಹೊಂದಿಸಲು ಸಕ್ಕರೆ ಹಾಕುವುದುಂಟು. ಪಲ್ಯದ ಬನ್ನಿನ ಈರುಳ್ಳಿ ಮತ್ತು ಗೋಧಿಯಲ್ಲಿರುವ ಫ್ರಕ್ಟಾನ್ (ಫ್ರಕ್ಟೋಸ್ ಕಣಗಳ ಸರಪಳಿ), ಕರುಳಿನ ತೊಂದರೆಯುಳ್ಳ ಅನೇಕರಿಗೆ ಗ್ಯಾಸ್ ತರುತ್ತದೆ. ರಾಗಿ ಬಿಸ್ಕತ್ತೆಂದರೆ ಬರೀ ರಾಗಿಯಲ್ಲ; ಮೈದಾ, ಬೆಲ್ಲ ಎಷ್ಟಿದೆ ಎಂದು ಕೇಳಿ.

'ಶುಗರ್ ಫ್ರೀ' ಬಿಸ್ಕತ್ತು ಇನ್ನೂ ಕೆಟ್ಟದ್ದಾಗಿರಬಹುದು. ಪೊಟ್ಟಣದ ಹಿಂಬದಿ ಓದಿ: 420 ಎಂದಿದ್ದರೆ ಸಾರ್ಬಿಟಾಲ್, 965 ಎಂದಿದ್ದರೆ ಮಾಲ್ಟಿಟಾಲ್. ಸಾರ್ಬಿಟಾಲ್ ದೇಹದಲ್ಲಿ ಫ್ರಕ್ಟೋಸ್ ಆಗುತ್ತದೆ. ಮಾಲ್ಟಿಟಾಲ್ ಒಡೆದರೆ ಸಾರ್ಬಿಟಾಲ್ ಬರುತ್ತದೆ. ಗ್ಲೂಕೋಸ್ ಬಿಸ್ಕತ್ತು ಎಂಬ ಹೆಸರನ್ನೂ ನಂಬಬೇಡಿ. ಅದರಲ್ಲಿ ಸಕ್ಕರೆ, ಇನ್ವರ್ಟ್ ಸಿರಪ್ (ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದ ಸಕ್ಕರೆ ಪಾಕ) ಇರುವುದೇ ಹೆಚ್ಚು.

ಬ್ರೆಡ್, ಬನ್ನಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಟ್ಟಿಗೆ ಹಾಕಿದ ಸಕ್ಕರೆಯನ್ನು ಯೀಸ್ಟ್ ಬೇಗನೆ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು, ಗ್ಲೂಕೋಸನ್ನೇ ಮೊದಲು ತಿನ್ನುತ್ತದೆ. ಉಳಿಯುವುದು ಫ್ರಕ್ಟೋಸ್. ಗ್ಲೂಕೋಸ್ ಸಮವಾಗಿ ಜೊತೆಗಿದ್ದರೆ ಕರುಳು ಫ್ರಕ್ಟೋಸನ್ನು ಸುಲಭವಾಗಿ ಹೀರುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಷ್ಟೇ ಸಕ್ಕರೆಯ ಬಿಸ್ಕತ್ತು ತಡೆದುಕೊಂಡವರಿಗೆ ಸಿಹಿ ಬನ್ ತೊಂದರೆ ಕೊಡಬಹುದು. ಪರಿಚಯದ ಬೇಕರಿಯವರಾದರೆ, ಒಂದು ಕೆಜಿ ಮೈದಾಕ್ಕೆ ಸಕ್ಕರೆಯ ಬದಲು 10 ಗ್ರಾಂ ಶುದ್ಧ ಗ್ಲೂಕೋಸ್ ಪುಡಿ ಹಾಕಿಕೊಡಲು ಕೇಳಿ. ಹಿಟ್ಟು ಚೆನ್ನಾಗಿಯೇ ಉಬ್ಬುತ್ತದೆ. ಹಣ್ಣಿನ ರುಚಿಯ ಗ್ಲೂಕೋಸ್ ಪುಡಿಯಲ್ಲಿ ಸಕ್ಕರೆ ಬೆರೆತಿರಬಹುದು, ಅದು ಬೇಡ. ಹೊಳಪಿಗೆ ಮೇಲೆ ಸಕ್ಕರೆ ನೀರು ಬಳಿಯುತ್ತಾರೆಯೇ ಎಂದೂ ವಿಚಾರಿಸಿ.

ಕರುಳಿನ ತೊಂದರೆಯವರಿಗೆ ಮನೆಯ ಖಾರ ಬಿಸ್ಕತ್ತು ಒಳ್ಳೆಯದು. ಅಕ್ಕಿಹಿಟ್ಟು 120 ಗ್ರಾಂ, ರಾಗಿಹಿಟ್ಟು 80, ಬೆಣ್ಣೆ 90, ಉಪ್ಪು 4, ಬೇಕಿಂಗ್ ಪೌಡರ್ 3 ಗ್ರಾಂ, ಜೀರಿಗೆ, ಕುಟ್ಟಿದ ಮೆಣಸು. 40 ಗ್ರಾಂ ಸಿಹಿಯಿಲ್ಲದ ಮೊಸರಲ್ಲಿ ಕಲಸಿ 20 ನಿಮಿಷ ಮುಚ್ಚಿಡಿ; ರಾಗಿ ನೀರು ಕುಡಿಯಲು ಅಷ್ಟು ಹೊತ್ತು ಬೇಕು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ 160 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಗೋಧಿಯ ಅಂಟು (ಗ್ಲುಟನ್) ಇಲ್ಲದ್ದರಿಂದ ಅಂಚು ಬಿರಿಯುತ್ತದೆ. ತೀರಾ ಪುಡಿಯಾದರೆ ಮುಂದಿನ ಸಲ 30 ಗ್ರಾಂ ಅಕ್ಕಿಹಿಟ್ಟಿಗೆ 60 ಮಿಲಿ ಕುದಿವ ನೀರು ಹಾಕಿ, ಅಕ್ಕಿರೊಟ್ಟಿಗೆ ಮಾಡುವಂತೆ ಉಕ್ಕರಿಸಿ ಬೆರೆಸಿ, ಮೊಸರನ್ನು ಅರ್ಧಕ್ಕಿಳಿಸಿ. ಕಿಣ್ವದ ಕೊರತೆಯಿರುವ ಮಕ್ಕಳಿಗೆ ಕೊಡುವ ಮುಂಚೆ ಈ ಅಳತೆಯನ್ನು ಅವರ ಡಯಟಿಷಿಯನ್‌ಗೆ ತೋರಿಸಿ.