ಕಾಲಿನ ಬೈಪಾಸ್ ಎಷ್ಟು ವರ್ಷ ಬಾಳಿಕೆ ಬರುತ್ತೆ?

ಪ್ರಶ್ನೆ: ಅಪ್ಪನಿಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ಹೆಬ್ಬೆರಳ ಹುಣ್ಣು ಮಾಯಲಿಲ್ಲ ಅಂತ ಕಾಲಿಗೆ ಬೈಪಾಸ್ ಮಾಡಿದರು. ಎಷ್ಟು ವರ್ಷ ಬರುತ್ತೆ? ಕಾಲು ಇನ್ನೂ ಊದಿದೆ, ಭಯ ಆಗುತ್ತೆ. (ಓದುಗರು, ರಾಜಾಜಿನಗರ)

ಮೊದಲು ಊತದ ಮಾತು. ಬೈಪಾಸ್ ಅಂದರೆ ಮುಚ್ಚಿದ ರಕ್ತನಾಳವನ್ನು ಬಳಸಿಕೊಂಡು ಹೋಗಲು ರಕ್ತಕ್ಕೆ ಬೇರೊಂದು ನಾಳದ ದಾರಿ ಮಾಡಿಕೊಡುವುದು. ರಕ್ತವಿಲ್ಲದೆ ಸೊರಗಿದ್ದ ಕಾಲಿಗೆ ಈಗ ರಕ್ತ ನುಗ್ಗುತ್ತಿದೆ, ಕೊಯ್ದ ಗಾಯವೂ ಇದೆ. ಕೆಲವರಿಗೆ ಊತ ತಿಂಗಳುಗಟ್ಟಲೆ ಇರುತ್ತೆ. ಕೂತಾಗ ಕಾಲು ಸ್ಟೂಲ್ ಮೇಲಿರಲಿ. ಜ್ವರ, ಕೀವು, ಮೀನಖಂಡದಲ್ಲಿ ನೋವು ಬಂದರೆ ಮಾತ್ರ ತಡಮಾಡದೆ ತೋರಿಸಿ.

ಇನ್ನು ಬಾಳಿಕೆ. ಅದು ಯಾವ ನಾಳ ಹಾಕಿದ್ದಾರೆ ಅನ್ನುವುದರ ಮೇಲೂ ಇದೆ. ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಹಾಕಿದ್ದು ಅವರದೇ ಕಾಲಿನ ರಕ್ತನಾಳವೋ, ಪ್ಲಾಸ್ಟಿಕ್ ನಾಳವೋ? 1948ರಲ್ಲಿ ಪ್ಯಾರಿಸ್‌ನ ಸರ್ಜನ್ ಜೀನ್ ಕುನ್ಲಿನ್ ರೋಗಿಯದೇ ನಾಳ ಬಳಸಿ ಈ ಆಪರೇಷನ್ ಮಾಡಿದರು. ಮೊಣಕಾಲಿನ ಕೆಳಗೆ ಇವತ್ತಿಗೂ ಅದೇ ಜಾಸ್ತಿ ಬಾಳುತ್ತೆ.

ಆದರೆ ಮೊದಲ ವರ್ಷ ಹುಷಾರಾಗಿರಬೇಕು. ಹೊಸ ನಾಳದ ಗೋಡೆ ಒಳಗೊಳಗೇ ದಪ್ಪವಾಗಿ ದಾರಿ ಕಿರಿದಾಗಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾದರೆ ಬಲೂನ್ ಹಾಕಿ ಅಗಲ ಮಾಡಬಹುದು. ಪೂರ್ತಿ ಮುಚ್ಚಿಹೋದರೆ ತೆರೆಯುವುದು ತುಂಬಾ ಕಷ್ಟ. ನಮ್ಮ ಸೋದರಮಾವ ಬಸವನಗುಡಿಯವರು, ಅವರಿಗೂ ಕಾಲಿನ ಬೈಪಾಸ್ ಆಗಿತ್ತು. "ಕಾಲು ಚೆನ್ನಾಗಿದೆ ಅಲ್ವಾ, ಆ ಟ್ರಾಫಿಕ್‌ನಲ್ಲಿ ಸುಮ್ನೆ ಯಾಕೆ ಹೋಗೋದು" ಅಂತ ಎರಡು ಸಲ ಸ್ಕ್ಯಾನ್ ತಪ್ಪಿಸಿದರು. ಅತ್ತೆ ಜಗಳವಾಡಿ ಕರೆದುಕೊಂಡು ಹೋದಾಗ ನಾಳ ಅರ್ಧಕ್ಕಿಂತ ಜಾಸ್ತಿ ಕಿರಿದಾಗಿತ್ತು. ಬಲೂನ್ ಹಾಕಿದರು, ಕಾಲು ಉಳಿಯಿತು. ಡಾಕ್ಟರ್ ಕೊಟ್ಟ ತಾರೀಕು ತಪ್ಪಿಸಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಬರೀ ಕಾಲಿಗಲ್ಲ. ಕಾಲಿನ ನಾಳ ಕೆಟ್ಟವರಿಗೆ ಹೃದಯ, ಮೆದುಳಿನ ನಾಳಗಳಲ್ಲೂ ಅದೇ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಗಾಯ ಮಾಯಿತು ಅಂತ ಮಾತ್ರೆ ಬಿಟ್ಟರೆ ಹಾರ್ಟ್ ಅಟ್ಯಾಕ್ ಅಪಾಯ ಏರುತ್ತೆ. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ.

ದಿನಾ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಅಂಗಾಲು, ಬೆರಳ ಸಂದು ನೋಡಿ. ಸ್ಪರ್ಶ ಕಡಿಮೆಯಾದವರಿಗೆ ದೇವಸ್ಥಾನದ ಬಿಸಿಲ ಕಲ್ಲು ಸುಟ್ಟಿದ್ದೂ ಗೊತ್ತಾಗುವುದಿಲ್ಲ. ದಪ್ಪ ಸಾಕ್ಸ್ ಹಾಕಿಸಿ. ಪಾದದಲ್ಲಿ ನಾಡಿ ಎಲ್ಲಿ ಸಿಗುತ್ತೆ ಅಂತ ಡಾಕ್ಟರ ಹತ್ತಿರ ತೋರಿಸಿಕೊಳ್ಳಿ.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯಬೇಕು. ರಾತ್ರಿಯೂ ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳದ ಸರ್ಜನ್) ಸಿಗುವ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಡಿ. ರಾತ್ರಿ 2 ಗಂಟೆಯಾದರೂ ಬೆಳಗಾಗಲಿ ಅಂತ ಕಾಯಬೇಡಿ.